ತಾರೀಖು, ಊರು, ಹಕ್ಕಿ

ನನ್ನ ಸ್ಟುಡಿಯೋದ ಗೋಡೆಗೆ ತೂಗುಹಾಕಿದ ಫೋಟೋಗಳಲ್ಲಿ ಎಲ್ಲಕ್ಕಿಂತ ಕಳಪೆ ಯಾವುದು ಎಂದು ಯಾರಾದರೂ ಕೇಳಿದರೆ ಹಿಂದೆಮುಂದೆ ನೋಡದೆ ಒಂದನ್ನು ತೋರಿಸುತ್ತೇನೆ. ಮಂಜು ಕವಿದ ನೀರು, ಆಚೆ ದಡದಲ್ಲಿ ಬೂದು ಬಣ್ಣದ ಹೆಬ್ಬಾತುಗಳ ಹಿಂಡು, ಅವುಗಳ ನಡುವೆ ಒಂದರ ಕುತ್ತಿಗೆಗೆ ಪ್ಲಾಸ್ಟಿಕ್ ಪಟ್ಟಿ. ಫೋಕಸ್ ಸರಿಯಾಗಿ ಕೂತಿಲ್ಲ, ಬೆಳಕು ಸಾಲದು, ದೂರದಿಂದ ತೆಗೆದದ್ದನ್ನು ಹಿಗ್ಗಿಸಿದ್ದರಿಂದ ಮೈಯೆಲ್ಲ ಕಾಳುಕಾಳು. ಮದುವೆ ಆಲ್ಬಮ್ಮಿನಲ್ಲಿ ಇಂಥದ್ದೊಂದು ಹಾಕಿದರೆ ಬೀಗರು ಬಾಕಿ ಹಣ ಕೊಡಲಿಕ್ಕಿಲ್ಲ. ಆದರೆ ಆ ಪಟ್ಟಿಯ ಮೇಲಿನ ಅಕ್ಷರ, ಅಂಕಿ ಓದಲು ಬರುತ್ತವೆ. ಅಷ್ಟಕ್ಕೇ ಅದು ಗೋಡೆಯ ಮೇಲಿದೆ.

ನಮ್ಮದು ಲಕ್ಷ್ಮೇಶ್ವರದಲ್ಲಿ ಅಪ್ಪನ ಕಾಲದ ಸ್ಟುಡಿಯೋ. ಪಾಸ್‌ಪೋರ್ಟ್ ಸೈಜು, ಮದುವೆ, ಸೀಮಂತ, ಜವಳ, ಮಾಸ್ತರರ ನಿವೃತ್ತಿ ಸಮಾರಂಭ ಇವೆಲ್ಲ ಹೊಟ್ಟೆಪಾಡು. ಹಕ್ಕಿ ನನ್ನ ಹುಚ್ಚು. ಧನುರ್ಮಾಸದಲ್ಲಿ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ಹನ್ನೊಂದು ಕಿಲೋಮೀಟರ್ ಆಚೆಯ ಮಾಗಡಿ ಕೆರೆಯಲ್ಲಿ ಹಕ್ಕಿ ತುಂಬಿರುವುದೂ ಆಗಲೇ. ಪಂಚಾಂಗ ಬರೆದವರು ನನ್ನಂಥವನ ಅನುಕೂಲ ನೋಡಿಯೇ ಬರೆದಿರಬೇಕು ಎಂದು ಹೆಂಡತಿ ಹಂಗಿಸುತ್ತಾಳೆ.

ಮಾಗಡಿ ಎಂದರೆ ಬೆಂಗಳೂರಿನ ಪಕ್ಕದ ಮಾಗಡಿ ಅಲ್ಲ. ಇದು ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಹಳ್ಳಿ. ಕೆರೆ ಕಟ್ಟಿದ್ದು ನೀರಾವರಿಗೆ. ಸುತ್ತ ಶೇಂಗಾ, ಕಡಲೆ, ಜೋಳದ ಹೊಲಗಳು. ಬೆಟ್ಟ, ಕಾಡು, ಜಲಪಾತ ಯಾವುದೂ ಇಲ್ಲ. ಮೊದಲ ಸಲ ಬಂದವರು ಇಷ್ಟೇನಾ ಎಂದು ಮುಖ ಸಣ್ಣ ಮಾಡಿಕೊಳ್ಳುವಂಥ ಜಾಗ. ಆದರೂ ಪಟ್ಟೆತಲೆ ಹೆಬ್ಬಾತುಗಳು ದಕ್ಷಿಣ ಭಾರತದಲ್ಲಿ ಚಳಿಗಾಲ ಕಳೆಯುವ ದೊಡ್ಡ ತಾಣಗಳಲ್ಲಿ ಇದೂ ಒಂದು. 2024ರಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ ಈ ಕೆರೆಯೂ ರಾಮ್ಸರ್ ಪಟ್ಟಿಗೆ ಸೇರಿತು. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ಪಟ್ಟ ಅದು. ಊರಿನವರಿಗೆ ಇದರಿಂದ ವಿಶೇಷ ಹಿಗ್ಗೇನೂ ಆದಂತಿಲ್ಲ. ‘ಹಕ್ಕಿ ಮೊದಲೂ ಬರ್ತಿದ್ವು, ಈಗೂ ಬರ್ತಾವ’ ಎಂದರು ಚಹಾದ ಅಂಗಡಿಯವರು.

ಪಟ್ಟೆತಲೆ ಹೆಬ್ಬಾತನ್ನು ಒಮ್ಮೆ ನೋಡಿದರೆ ಮರೆಯುವ ಹಾಗಿಲ್ಲ. ಬಿಳಿ ತಲೆಯ ಹಿಂಭಾಗದಲ್ಲಿ ಅಡ್ಡಕ್ಕೆ ಎರಡು ಕಪ್ಪು ಪಟ್ಟೆ, ಬೂದು ಮೈ, ಕಿತ್ತಳೆ ಕಾಲು. ಎರಡರಿಂದ ಮೂರು ಕಿಲೋ ತೂಗುವ ಈ ಹಕ್ಕಿ ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ ಮರಿಮಾಡಿ, ಹಿಮಾಲಯ ದಾಟಿ ನಮ್ಮ ಬಯಲಿಗೆ ಇಳಿಯುತ್ತದೆ. ಬೆನ್ನಿಗೆ ಉಪಗ್ರಹ ಸಾಧನ ಕಟ್ಟಿ ನಡೆಸಿದ ಅಧ್ಯಯನಗಳಲ್ಲಿ 7,000 ಮೀಟರಿಗೂ ಮೇಲೆ ಹಾರಿದ ದಾಖಲೆ ಸಿಕ್ಕಿದೆ. ಆದರೆ ನನಗೆ ಹೆಚ್ಚು ಹಿಡಿಸಿದ್ದು ಅದೇ ಅಧ್ಯಯನಗಳ ಇನ್ನೊಂದು ಮಾತು. ಇವು ಸುಮ್ಮನೆ ಎತ್ತರ ಹಾರುವುದಿಲ್ಲ. ಕಣಿವೆ ಬಂದರೆ ಇಳಿಯುತ್ತವೆ, ಗುಡ್ಡ ಬಂದರೆ ಏರುತ್ತವೆ. ಕಷ್ಟಪಟ್ಟು ಏರಿದ ಎತ್ತರವನ್ನು ಬಿಟ್ಟುಕೊಟ್ಟು ಮತ್ತೆ ಏರುವುದು ನಷ್ಟದ ವ್ಯವಹಾರ ಎಂದು ನಮಗೆ ಅನ್ನಿಸಬಹುದು. ಮೇಲಿನ ತೆಳು ಗಾಳಿಯಲ್ಲಿ ರೆಕ್ಕೆ ಬಡಿಯಲು ಬೇಕಾಗುವ ಶಕ್ತಿಯ ಲೆಕ್ಕ ಹಾಕಿದರೆ ಇಳಿದು ಏರುವುದೇ ಅಗ್ಗ. ದೊಡ್ಡ ಏರನ್ನು ಹೆಚ್ಚಾಗಿ ರಾತ್ರಿ ಅಥವಾ ನಸುಕಿನಲ್ಲಿ ಹತ್ತುತ್ತವೆ. ತಂಪು ಗಾಳಿ ದಟ್ಟವಾಗಿರುತ್ತದೆ, ರೆಕ್ಕೆಗೆ ಆಸರೆ ಹೆಚ್ಚು. ಇವುಗಳ ರಕ್ತದ ಹಿಮೋಗ್ಲೋಬಿನ್ ಕೂಡ ಇತರ ಹೆಬ್ಬಾತುಗಳಿಗಿಂತ ಚೆನ್ನಾಗಿ ಆಮ್ಲಜನಕವನ್ನು ಹಿಡಿಯುತ್ತದೆ.

ಕುತ್ತಿಗೆಯ ಪಟ್ಟಿಗೆ ಬರುತ್ತೇನೆ. ಬೇಸಿಗೆಯಲ್ಲಿ ಹೆಬ್ಬಾತುಗಳು ಹಾರುಗರಿಗಳನ್ನೆಲ್ಲ ಒಟ್ಟಿಗೇ ಉದುರಿಸುತ್ತವೆ. ಹೊಸ ಗರಿ ಬರುವವರೆಗೆ, ಕೆಲವು ವಾರ, ಹಾರಲಾರವು. ಮಂಗೋಲಿಯಾದ ಸರೋವರಗಳಲ್ಲಿ ಸಂಶೋಧಕರು ಆ ಸಮಯ ನೋಡಿ ಅವನ್ನು ಹಿಡಿದು, ಕುತ್ತಿಗೆಗೆ ಅಕ್ಷರ ಅಂಕಿಗಳ ಹಗುರ ಪಟ್ಟಿ ತೊಡಿಸಿ ಬಿಡುತ್ತಾರೆ. ಹಾಗೆ ಬಿಟ್ಟವು ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯಲ್ಲಿ ಕಂಡಿವೆ, ನಮ್ಮ ಕಡೆಯ ಕೆರೆಗಳಲ್ಲೂ ಕಂಡಿವೆ. ಮಂಗೋಲಿಯಾದಿಂದ ಇಲ್ಲಿಗೆ ಭೂಪಟದ ಮೇಲೆ ನೇರ ಗೆರೆ ಎಳೆದರೇ 4,000 ಕಿಲೋಮೀಟರ್ ದಾಟುತ್ತದೆ. ಅಲ್ಲಿ ಪಟ್ಟಿ ಕಟ್ಟಿದವರಿಗೆ ಇಲ್ಲಿಂದ ಸುದ್ದಿ ಹೋಗದಿದ್ದರೆ ಅವರ ಶ್ರಮವೆಲ್ಲ ನೀರಿಗೆ ಬಿದ್ದಂತೆ. ಸುದ್ದಿ ಎಂದರೆ ಇಷ್ಟೇ: ಯಾವ ನಂಬರು, ಯಾವ ಊರು, ಯಾವ ತಾರೀಖು. ಹಕ್ಕಿಯ ಕಣ್ಣಲ್ಲಿ ಬೆಳಕಿನ ಚುಕ್ಕಿ ಮೂಡಿತ್ತೋ ಇಲ್ಲವೋ ಎಂದು ಅವರಿಗೆ ಬೇಕಿಲ್ಲ.

ಮದುವೆ ಫೋಟೋಗ್ರಾಫರನಾಗಿ ಬೆಳೆದವನಿಗೆ ಇದು ತಲೆಗೆ ಹೋಗಲು ಸಮಯ ಹಿಡಿಯಿತು. ನಮ್ಮ ಕಸುಬಿನಲ್ಲಿ ಎಲ್ಲರನ್ನೂ ನಿಲ್ಲಿಸುವವರು ನಾವೇ. ಅಕ್ಷತೆ ಹಾಕುವ ಕೈಯನ್ನು ಗಾಳಿಯಲ್ಲೇ ಹಿಡಿಸಿ, ‘ಇತ್ತ ನೋಡ್ರಿ’ ಎಂದು, ತಾಳಿ ಕಟ್ಟುವುದನ್ನು ಇನ್ನೊಂದು ಸಲ ಕಟ್ಟಿದಂತೆ ಮಾಡಿಸುತ್ತೇವೆ. ಪುರೋಹಿತರ ಮುಹೂರ್ತಕ್ಕಿಂತ ನಮ್ಮ ಮುಹೂರ್ತವೇ ದೊಡ್ಡದು. ಹೆಬ್ಬಾತಿನ ಮುಂದೆ ಇದಾವುದೂ ನಡೆಯುವುದಿಲ್ಲ. ಕೆರೆಯ ದಂಡೆಯಲ್ಲಿ ನಿಂತವನನ್ನು ಅದು ಗಮನಿಸಿದ್ದು ಹೇಗೆ ಗೊತ್ತಾಗುತ್ತದೆ ಎಂದರೆ, ಮೇಯುತ್ತಿದ್ದದ್ದು ಕುತ್ತಿಗೆ ನೆಟ್ಟಗೆ ಮಾಡುತ್ತದೆ. ಮೊದಲು ಅಂಚಿನಲ್ಲಿರುವ ಒಂದು, ಆಮೇಲೆ ಪಕ್ಕದ ನಾಲ್ಕು, ಆಮೇಲೆ ಹಿಂಡಿಗೆ ಹಿಂಡು. ಕೊಕ್ಕುಗಳೆಲ್ಲ ಒಂದೇ ದಿಕ್ಕಿಗೆ ತಿರುಗುತ್ತವೆ. ಸದ್ದು ಬದಲಾಗುತ್ತದೆ. ಇನ್ನು ಎರಡು ಹೆಜ್ಜೆ ಇಟ್ಟರೆ ಇಡೀ ಹಿಂಡು ಎದ್ದಿತೆಂದೇ ಲೆಕ್ಕ.

ಏಳಲಿ ಎಂದೇ ಕಾಯುವವರಿದ್ದಾರೆ. ಕೆರೆಯ ಮೇಲೆ ನೂರಾರು ಹಕ್ಕಿ ಒಮ್ಮೆಲೇ ರೆಕ್ಕೆ ಬಿಚ್ಚಿದ ಚಿತ್ರಕ್ಕೆ ಮೊಬೈಲಿನಲ್ಲಿ ಸಿಗುವ ಮೆಚ್ಚುಗೆ, ಸುಮ್ಮನೆ ಮೇಯುವ ಹಕ್ಕಿಗೆ ಸಿಗುವುದಿಲ್ಲ. ಚಪ್ಪಾಳೆ ಹೊಡೆದವರನ್ನು ನೋಡಿದ್ದೇನೆ, ಕಲ್ಲು ಎಸೆದವರನ್ನು ನೋಡಿದ್ದೇನೆ, ಈಚೆಗೆ ಡ್ರೋನ್ ಹಾರಿಸಿದವರನ್ನೂ ನೋಡಿದೆ. ಆ ಹಕ್ಕಿ ಇಲ್ಲಿ ಮೂರು ನಾಲ್ಕು ತಿಂಗಳಲ್ಲಿ ಮೈಗೆ ಕೊಬ್ಬು ಕೂಡಿಸಿಕೊಳ್ಳಬೇಕು. ಹೋಗುವ ದಾರಿಯಲ್ಲಿ ಮತ್ತೆ ಹಿಮಾಲಯವಿದೆ. ಅನಗತ್ಯವಾಗಿ ಎಬ್ಬಿಸಿದಾಗಲೆಲ್ಲ ಆ ಕೂಡಿಕೆಯಿಂದ ಖರ್ಚಾಗುತ್ತದೆ, ಮೇಯುವ ಹೊತ್ತೂ ಹಾಳಾಗುತ್ತದೆ. ಆಗಸ ತುಂಬ ಹಕ್ಕಿ ಹಾರುವ ಫೋಟೋ ನೋಡಿದಾಗೆಲ್ಲ ನಾನು ಕೇಳುವ ಮೊದಲ ಪ್ರಶ್ನೆ, ಇವು ತಾವಾಗಿ ಎದ್ದವೋ, ಯಾರಾದರೂ ಎಬ್ಬಿಸಿದರೋ ಎಂಬುದು. ಸಂಜೆ ಹೊತ್ತು ತಿರುಗಿದ ಮೇಲೆ ಅವು ತಾವಾಗಿಯೇ ಗುಂಪುಗುಂಪಾಗಿ ಹೊಲಗಳ ಕಡೆ ಹೋಗುತ್ತವೆ. ಹಾರುವ ಚಿತ್ರ ಬೇಕಿದ್ದವರು ಅಲ್ಲಿಯವರೆಗೆ ಕೂತರೆ ಸಾಕು. ಸಾಲುಗಟ್ಟಿ, ಕೂಗುತ್ತ, ತಲೆಯ ಮೇಲೇ ಹೋಗುತ್ತವೆ.

ಆ ಹೊಲಗಳ ಒಡೆಯರಿಗೂ ಒಂದು ಮಾತಿದೆ. ಮಗಳ ಮದುವೆ ಆಲ್ಬಮ್ ಒಯ್ಯಲು ಬಂದ ರೈತರೊಬ್ಬರು ಗೋಡೆಯ ಮೇಲಿನ ಹೆಬ್ಬಾತು ನೋಡಿ, ‘ನಮ್ಮ ಕಡ್ಲಿ ತಿಂದು ದಪ್ಪ ಆದ ಹಕ್ಕೀನ ನೀವು ಗೋಡಿಗೆ ಹಾಕ್ಕೊಂಡು ಕುಂತೀರಿ, ಕಡ್ಲಿ ರೊಕ್ಕ ಯಾರ ಕೊಡವರು?’ ಎಂದರು. ನಗುತ್ತಲೇ ಹೇಳಿದರೂ ಪ್ರಶ್ನೆ ಸುಳ್ಳಲ್ಲ. ಶೇಂಗಾ ಕಿತ್ತ ಮೇಲೆ ಮಣ್ಣಲ್ಲುಳಿದ ಕಾಯಿ ಹೆಕ್ಕಿದರೆ ಯಾರಿಗೂ ತಕರಾರಿಲ್ಲ; ಎಳೆಯ ಕಡಲೆಗೆ ಬಾಯಿ ಹಾಕಿದರೆ ನಷ್ಟ ರೈತನದೇ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಗೂಡಿರುವ ಮರದ ಹುಣಸೆಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಅಲ್ಲಿದೆ. ಹಿಕ್ಕೆ ಗೊಬ್ಬರವೂ ಆಗುತ್ತದೆ. 2007ರಲ್ಲಿ ಅದು ಸಮುದಾಯ ಸಂರಕ್ಷಿತ ಪ್ರದೇಶವಾಯಿತು. ಹಕ್ಕಿಯ ಸೌಂದರ್ಯದ ಬಗ್ಗೆ ಬರೆಯುವ ನಾವು ಹೊಲದವನ ಲೆಕ್ಕವನ್ನೂ ಬರೆಯದಿದ್ದರೆ ಆ ಬರಹ ಅರ್ಧ.

ಹಕ್ಕಿಗಳ ಕನ್ನಡ ಹೆಸರುಗಳನ್ನು ನಾನು ಕಲಿತದ್ದು ಪೂರ್ಣಚಂದ್ರ ತೇಜಸ್ವಿಯವರ ಪುಸ್ತಕಗಳಿಂದ. ಅವರೂ ಕ್ಯಾಮೆರಾ ಹೊತ್ತು ಮೂಡಿಗೆರೆಯ ಕಾಡು ತೋಟ ಅಲೆದವರೇ. ಸಲೀಂ ಅಲಿಯವರ ಬಗ್ಗೆ ಓದಿದ್ದು ಆಮೇಲೆ. 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದವರು ಅವರು. ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಗಿದ್ದು ಅವರು ಮಹಾರಾಜರಿಗೆ ಹೇಳಿದ್ದರಿಂದಲೇ. ಆ ಕಾಲದ ಸಮೀಕ್ಷೆ ಎಂದರೆ ದುರ್ಬೀನಿನ ಜೊತೆ ಬಂದೂಕೂ ಇರುತ್ತಿತ್ತು. ಹಕ್ಕಿಯನ್ನು ಹೊಡೆದು, ಚರ್ಮ ಬಿಡಿಸಿ, ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟುತ್ತಿದ್ದರು. ಚೀಟಿಯಲ್ಲಿ ಊರು, ತಾರೀಖು, ಗಂಡೋ ಹೆಣ್ಣೋ, ಹಿಡಿದವರು ಯಾರು. ಈ ಚೀಟಿ ಕಳೆದುಹೋದರೆ ಆ ಚರ್ಮಕ್ಕೆ ವಿಜ್ಞಾನದಲ್ಲಿ ಕವಡೆ ಕಿಮ್ಮತ್ತಿಲ್ಲ. ಇಂದು ಬಂದೂಕಿನ ಕೆಲಸವನ್ನು ಕ್ಯಾಮೆರಾ ಮಾಡುತ್ತಿದೆ, ಹಕ್ಕಿಯ ಜೀವ ಉಳಿಯಿತು. ಆದರೆ ಚೀಟಿ ಕಟ್ಟುವ ಅಭ್ಯಾಸ ಮಾತ್ರ ನಮ್ಮಲ್ಲಿ ಬಹುಪಾಲು ಮಂದಿಗೆ ಬರಲೇ ಇಲ್ಲ.

ಚೆಂದದ ಫೋಟೋ ಬೇಡವೇ ಬೇಡ ಎನ್ನುವ ಸನ್ಯಾಸಿ ನಾನಲ್ಲ. ಚೆಂದದ ಬೆನ್ನು ಹತ್ತಿಯೇ ಎಷ್ಟೋ ಸಂಗತಿ ಕಣ್ಣಿಗೆ ಬಿದ್ದಿದೆ. ಶಿರಹಟ್ಟಿ ರಸ್ತೆಯಲ್ಲಿ ಮಣ್ಣು ತೆಗೆದು ಬಿಟ್ಟ ಒಂದು ಗುಂಡಿಯ ಗೋಡೆಯಲ್ಲಿ ಕಳ್ಳಿಪೀರಗಳು ಬಿಲ ಕೊರೆದು ಮರಿ ಮಾಡುತ್ತವೆ. ಗುಬ್ಬಿಗಿಂತ ಸ್ವಲ್ಪ ಉದ್ದ, ಮೈಯೆಲ್ಲ ಹಸಿರು, ಬಾಲದ ನಡುವೆ ಎರಡು ಸೂಜಿಗರಿ. ಬಿಲದಿಂದ ದೂರ, ಅವು ಬೇಟೆಗೆ ಕೂರುವ ಬೇಲಿ ತಂತಿಯ ಎದುರು ಗಾಡಿ ನಿಲ್ಲಿಸಿ, ಗಾಡಿಯೊಳಗಿಂದಲೇ ಕ್ಯಾಮೆರಾ ಹಿಡಿದು ಕೂರುತ್ತೇನೆ. ಮನುಷ್ಯ ಕೆಳಗಿಳಿದರೆ ಹಾರುವ ಹಕ್ಕಿ, ಗಾಡಿಯನ್ನು ಲೆಕ್ಕಕ್ಕಿಡುವುದಿಲ್ಲ.

ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲು ಶಟರ್ ಇಟ್ಟು, ಗುಂಡಿ ಒತ್ತಿ ಹಿಡಿದರೆ ಕ್ಯಾಮೆರಾ ಸರಸರ ಫ್ರೇಮುಗಳನ್ನು ಬಿಚ್ಚುತ್ತ ಹೋಗುತ್ತದೆ. ಬರಿಗಣ್ಣಿಗೆ ಕಂಡದ್ದು, ಹಕ್ಕಿ ಹಾರಿತು, ಬಂತು, ತಲೆ ಕೊಡವಿತು, ನುಂಗಿತು. ಸ್ಟುಡಿಯೋಕ್ಕೆ ಬಂದು ಕಂಪ್ಯೂಟರಿನಲ್ಲಿ ಒಂದೊಂದೇ ಫ್ರೇಮು ನೋಡಿದಾಗ ಬೇರೆಯೇ ಕಥೆ. ಮೊದಲ ಫ್ರೇಮಿನಲ್ಲಿ ಜೇನುಹುಳು ಕೊಕ್ಕಿನ ತುದಿಯಲ್ಲಿ ಅಡ್ಡಡ್ಡ. ಮುಂದಿನವುಗಳಲ್ಲಿ ಅದರ ತಲೆಯನ್ನು ತಂತಿಗೆ ಬಡಿಯುತ್ತದೆ, ಬಲಕ್ಕೊಮ್ಮೆ ಎಡಕ್ಕೊಮ್ಮೆ. ಆಮೇಲೆ ಹುಳುವನ್ನು ಹಿಡಿದ ಹಿಡಿತ ಬದಲಿಸುತ್ತದೆ. ಈಗ ಬಾಲದ ತುದಿ ಹೊರಗಿದೆ. ಆ ತುದಿಯನ್ನು ತಂತಿಗೆ ಒತ್ತಿ ಉಜ್ಜುತ್ತದೆ, ಮುಳ್ಳೂ ವಿಷವೂ ಹೊರಗೆ ಬರಲಿ ಎಂದು. ಉಜ್ಜುವ ಆ ಫ್ರೇಮುಗಳಲ್ಲಿ ಹಕ್ಕಿಯ ಕಣ್ಣು ಮುಚ್ಚಿದೆ. ನಂತರ ಹುಳುವನ್ನು ಮೇಲಕ್ಕೆ ಚಿಮ್ಮಿಸಿ, ಗಂಟಲಿಗೆ ಇಳಿಸಿಕೊಂಡು, ಕಣ್ಣು ತೆರೆದು, ಏನೂ ಆಗಿಲ್ಲವೆಂಬಂತೆ ಕೂತಿದೆ. ಅದೇ ಹಕ್ಕಿ ಏರೋಪ್ಲೇನ್ ಚಿಟ್ಟೆಯನ್ನು ತಂದಾಗ ಬಡಿಯುತ್ತದೆ ಅಷ್ಟೇ, ಉಜ್ಜುವುದಿಲ್ಲ. ಯಾವುದಕ್ಕೆ ಮುಳ್ಳಿದೆ, ಯಾವುದಕ್ಕಿಲ್ಲ ಎಂಬುದು ಅದಕ್ಕೆ ಗೊತ್ತು. ಪಟಪಟ ತೆಗೆದ ಆ ಸಾಲಿನಲ್ಲಿ ಗೋಡೆಗೆ ಹಾಕುವಂಥ ಒಂದು ಫೋಟೋವೂ ಇಲ್ಲ. ತಂತಿ ಅಡ್ಡ ಬಂದಿದೆ, ಹಿನ್ನೆಲೆಯಲ್ಲಿ ಹರಿದ ಸಿಮೆಂಟ್ ಚೀಲ. ಆದರೂ ಅದನ್ನು ನಾನು ಯಾರಿಗೆ ತೋರಿಸಿದರೂ ಎದ್ದು ಹೋಗುವುದಿಲ್ಲ.

ಗೂಡಿನ ಫೋಟೋ ಮಾತ್ರ ತೆಗೆಯುವುದಿಲ್ಲ. ಹಿಂದಿನ ತಲೆಮಾರಿನಲ್ಲಿ ಅದೇ ದೊಡ್ಡ ಕಲೆಯಾಗಿತ್ತು, ಆಗಿನ ಲೆನ್ಸುಗಳಿಗೆ ಹಕ್ಕಿ ಹತ್ತಿರ ಸಿಗುತ್ತಿದ್ದುದೇ ಗೂಡಿನಲ್ಲಿ. ಈಗ ಆ ನೆಪವೂ ಇಲ್ಲ. ಚಿತ್ರ ಚೆನ್ನಾಗಿ ಬರಲಿ ಎಂದು ಒಂದು ರೆಂಬೆ ಸರಿಸಿದರೆ ಮರಿಗಳಿಗೆ ಬಿಸಿಲು ಬಡಿಯುತ್ತದೆ, ಕಾಗೆಗೆ ದಾರಿ ಕಾಣುತ್ತದೆ. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಕರೆಯುವುದೂ ಅಷ್ಟೇ ಕೆಟ್ಟದ್ದು. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿತೆಂದು ಅದು ಜಗಳಕ್ಕೆ ಬರುತ್ತದೆ, ನಾವು ‘ಎಂಥ ಪೋಸು ಕೊಟ್ಟಿತು’ ಎನ್ನುತ್ತೇವೆ.

ನಮ್ಮ ರಾಜ್ಯಪಕ್ಷಿ ನೀಲಕಂಠ. ಸುಮ್ಮನೆ ಕೂತಾಗ ಕಂದು ಬಣ್ಣದ ದಡ್ಡ ಹಕ್ಕಿ. ರೆಕ್ಕೆ ಬಿಚ್ಚಿದರೆ ಎರಡು ಬಗೆಯ ನೀಲಿ. ಆ ನೀಲಿಗೆ ಬಣ್ಣದ ಪುಡಿ ಕಾರಣವಲ್ಲ, ಗರಿಯ ಒಳರಚನೆ ಬೆಳಕನ್ನು ಚದುರಿಸುವ ರೀತಿಯೇ ಕಾರಣ. ರೇಷ್ಮೆ ಸೀರೆಯ ನೀಲಿಯನ್ನು ಪ್ರಿಂಟಿನಲ್ಲಿ ತರಲು ಹೆಣಗುವ ನನಗೆ ಇದು ಅರ್ಥವಾದಾಗ ಸ್ವಲ್ಪ ಸಮಾಧಾನವಾಯಿತು. ಹೊಲದ ಬದಿಯ ಕರೆಂಟ್ ತಂತಿಯ ಮೇಲೆ ಕೂತು, ನೆಲದ ಮಿಡತೆ, ಜೀರುಂಡೆಗಳ ಮೇಲೆ ಎರಗುವ ಈ ಹಕ್ಕಿ ನನ್ನ ಬಾಲ್ಯದಲ್ಲಿ ಎಣಿಸುವಂಥದ್ದಾಗಿರಲಿಲ್ಲ. ಈಗ ಎಣಿಸುತ್ತಿದ್ದಾರೆ. 2023ರಲ್ಲಿ ಹೊರಬಂದ ‘ಭಾರತದ ಹಕ್ಕಿಗಳ ಸ್ಥಿತಿಗತಿ’ ವರದಿ ನೀಲಕಂಠದ ಸಂಖ್ಯೆ ಶೇಕಡಾ 30ಕ್ಕೂ ಹೆಚ್ಚು ಇಳಿದಿದೆ ಎಂದಿತು. ಅಪಾಯದ ಪಟ್ಟಿಯಲ್ಲಿ ಅದರ ಸ್ಥಾನವನ್ನು ಮರುಪರಿಶೀಲಿಸಬೇಕು ಎಂದೂ ಸೂಚಿಸಿತು. ಒಟ್ಟು 942 ಜಾತಿಗಳನ್ನು ನೋಡಿದ ಆ ವರದಿ 178 ಜಾತಿಗಳ ರಕ್ಷಣೆಗೆ ಮೊದಲ ಆದ್ಯತೆ ಬೇಕೆಂದಿತು.

ಈ ಅಂಕಿಗಳು ಬಂದದ್ದು ಪ್ರಯೋಗಾಲಯದಿಂದಲ್ಲ. 30,000ಕ್ಕೂ ಹೆಚ್ಚು ಹಕ್ಕಿವೀಕ್ಷಕರು ಬರೆದಿಟ್ಟ ಮೂರು ಕೋಟಿಗೂ ಮೀರಿದ ದಾಖಲೆಗಳಿಂದ. ಅವರಲ್ಲಿ ಮಾಸ್ತರರು, ಬ್ಯಾಂಕಿನವರು, ವಿದ್ಯಾರ್ಥಿಗಳು, ನನ್ನಂಥ ಅಂಗಡಿಕಾರರು ಎಲ್ಲರೂ ಇದ್ದಾರೆ. ಇ-ಬರ್ಡ್ ಎಂಬ ಉಚಿತ ಆ್ಯಪ್‌ನಲ್ಲಿ ಜಾಗ, ಹೊತ್ತು, ಕಂಡ ಹಕ್ಕಿ, ಸಂಖ್ಯೆ ಬರೆದರಾಯಿತು. ಕಾಗೆ, ಪಾರಿವಾಳವನ್ನೂ ಬರೆಯಬೇಕು. ಅಪರೂಪದ್ದನ್ನಷ್ಟೇ ಬರೆದು ಸಾಮಾನ್ಯದ್ದನ್ನು ಬಿಡುವವರಿಂದ ವಿಜ್ಞಾನಕ್ಕೆ ಉಪಯೋಗ ಕಡಿಮೆ, ಏಕೆಂದರೆ ಇಂದಿನ ಸಾಮಾನ್ಯವೇ ನಾಳೆಯ ಅಪರೂಪ.

ಇದಕ್ಕೆ ಸಾಕ್ಷಿ ನನ್ನ ಅಂಗಡಿಯಲ್ಲೇ ಇದೆ. ಅಪ್ಪ ಫಿಲ್ಮಿನ ಕಾಲದವರು, ಶಿಸ್ತಿನ ಮನುಷ್ಯ. ಪ್ರತಿ ನೆಗೆಟಿವ್‌ಗೂ ನಂಬರು, ಉದ್ದನೆಯ ರಿಜಿಸ್ಟರಿನಲ್ಲಿ ತಾರೀಖು, ಗಿರಾಕಿಯ ಊರು, ಕೆಲಸ ಏನು ಎಂದು ಬರೆಯುತ್ತಿದ್ದರು. ಹಳೆಯ ನೆಗೆಟಿವ್‌ಗಳನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದಾಗ ಒಂದು ಸಿಕ್ಕಿತು. ಸಾಲದ ಎತ್ತು ಸತ್ತಿದೆ, ವಿಮೆಗೆ ಫೋಟೋ ಬೇಕು. ಅಪ್ಪ ಹೋಗಿ ತೆಗೆದಿದ್ದಾರೆ. ಎತ್ತಿನ ಕಿವಿಯ ಬಿಲ್ಲೆ ಕಾಣುವಂತೆ ಒಬ್ಬಾತ ಕಿವಿ ಹಿಡಿದು ಕೂತಿದ್ದಾನೆ. ಆತನ ಹಿಂದೆ, ಬದುವಿನ ಮೇಲೆ, ಸಾಲಾಗಿ ರಣಹದ್ದುಗಳು, ಮನುಷ್ಯರು ಯಾವಾಗ ಜಾಗ ಖಾಲಿ ಮಾಡುತ್ತಾರೋ ಎಂದು ಕಾಯುತ್ತಿವೆ. ಒಂದು ರೆಕ್ಕೆ ಎತ್ತಿದ್ದರಿಂದ ಬೆನ್ನಿನ ಬಿಳಿ ಎದ್ದು ಕಾಣುತ್ತದೆ. ಬಿಳಿಬೆನ್ನಿನ ರಣಹದ್ದು, ಅನುಮಾನವೇ ಇಲ್ಲ. ರಿಜಿಸ್ಟರಿನಲ್ಲಿ ತಾರೀಖು ಇದೆ, ಊರಿದೆ, ‘ಎತ್ತು, ವಿಮೆ, 2 ಕಾಪಿ’ ಎಂದಿದೆ. ವರ್ಷ 1984. ರಣಹದ್ದಿನ ಬಗ್ಗೆ ಒಂದಕ್ಷರವಿಲ್ಲ, ಏಕೆಂದರೆ ಆಗ ಅದು ಕಾಗೆಯಷ್ಟೇ ಸಾಮಾನ್ಯ.

1990ರ ದಶಕದಲ್ಲಿ ಅವು ಸಾಯತೊಡಗಿದವು. ದನಗಳಿಗೆ ನೋವಿಗೆಂದು ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧ, ಸತ್ತ ದನದ ಮಾಂಸದ ಮೂಲಕ ಹದ್ದಿನ ಹೊಟ್ಟೆ ಸೇರಿ ಮೂತ್ರಪಿಂಡ ಕೆಡಿಸುತ್ತಿತ್ತು. ಕಾರಣ ಗೊತ್ತಾಗಿ, 2006ರಲ್ಲಿ ಜಾನುವಾರುಗಳಿಗೆ ಆ ಔಷಧ ನಿಷೇಧವಾಗುವ ಹೊತ್ತಿಗೆ ಬಿಳಿಬೆನ್ನಿನ ರಣಹದ್ದು ದೇಶದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲಿಗೂ ಹೆಚ್ಚು ಹೋಗಿಬಿಟ್ಟಿತ್ತು. ಈಗ ರಾಜ್ಯದಲ್ಲಿ ರಣಹದ್ದು ನೋಡಬೇಕೆಂದರೆ ಬಂಡೀಪುರ, ನಾಗರಹೊಳೆಯ ಕಾಡಿಗೋ ರಾಮನಗರದ ರಾಮದೇವರ ಬೆಟ್ಟಕ್ಕೋ ಹೋಗಬೇಕು. ನಮ್ಮ ಎರೆ ಹೊಲಗಳಲ್ಲಿ ಅವು ಇದ್ದವು ಎನ್ನಲು ಹಿರಿಯರ ನೆನಪು ಬಿಟ್ಟರೆ ನನ್ನ ಬಳಿ ಇರುವುದು ವಿಮೆಯ ಆ ಫೋಟೋ. ತಾರೀಖು ಇಲ್ಲದಿದ್ದರೆ ಅದೂ ಒಂದು ಹಳೆಯ ಚಿತ್ರ, ಅಷ್ಟೇ.

ಹಾಗಾಗಿ ಹಕ್ಕಿ ಫೋಟೋ ಕಲಿಯುತ್ತೇನೆಂದು ಬರುವ ಹುಡುಗರಿಗೆ ಲೆನ್ಸಿನ ಬೆಲೆ ಹೇಳುವ ಮೊದಲು ಬೇರೆ ಮಾತು ಹೇಳುತ್ತೇನೆ. ಕ್ಯಾಮೆರಾದ ಗಡಿಯಾರ ಸರಿಯಿದೆಯೇ ನೋಡಿ. ಬ್ಯಾಟರಿ ತೆಗೆದು ಹಾಕಿದಾಗ ಕೆಲವು ಕ್ಯಾಮೆರಾಗಳಲ್ಲಿ ತಾರೀಖು ಎಲ್ಲೋ ಹಿಂದಕ್ಕೆ ಹೋಗಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಕಳಿಸಿದರೆ ಒಳಗಿನ ತಾರೀಖು, ಜಾಗದ ವಿವರ ಅಳಿಸಿಹೋಗುತ್ತದೆ. ಮೂಲ ಪ್ರತಿ ಇಟ್ಟುಕೊಳ್ಳಿ. ಗೂಡು ಅಥವಾ ಗೂಬೆಯ ಜಾಗವನ್ನು ಊರಿಗೆಲ್ಲ ಸಾರಬೇಡಿ. ಕುತ್ತಿಗೆಗೋ ಕಾಲಿಗೋ ಪಟ್ಟಿ ಕಂಡರೆ ಸೌಂದರ್ಯ ಮರೆತು ನಂಬರು ಹಿಡಿಯಿರಿ.

ಓದುಗರಲ್ಲೂ ಒಂದು ವಿನಂತಿ. ಪ್ರತಿ ವರ್ಷ ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿಗಳ ಎಣಿಕೆ ನಡೆಯುತ್ತದೆ. ದುಬಾರಿ ಕ್ಯಾಮೆರಾ ಬೇಕಿಲ್ಲ, ದುರ್ಬೀನೂ ಬೇಕಿಲ್ಲ. ನಿಮ್ಮೂರಿನ ಕೆರೆ ದಂಡೆಯಲ್ಲೋ ಮನೆಯ ಮಾಳಿಗೆಯ ಮೇಲೋ ಹದಿನೈದು ನಿಮಿಷ ನಿಂತು ಕಂಡದ್ದನ್ನು ಬರೆಯಿರಿ. ಮನೆಯ ಹಳೆಯ ಆಲ್ಬಮ್ಮುಗಳನ್ನೂ ಒಮ್ಮೆ ತೆಗೆದು, ಫೋಟೋದ ಹಿಂದೆ ಊರು, ವರ್ಷ ಬರೆದಿಡಿ. ನೆನಪಿರುವ ಹಿರಿಯರು ಇನ್ನೂ ಇರುವಾಗಲೇ ಬರೆಸಿಕೊಳ್ಳಿ.